ಲಂಡನ್ನಿನಲ್ಲಿ ಕಾರು ಬೇಕೇ ಎಂದು ಕೇಳಿದವರಿಗೆ

ಮುಂದಿನ ತಿಂಗಳು ಬೆಂಗಳೂರಿನ ವಿಜಯನಗರದಿಂದ ಲಂಡನ್ನಿಗೆ ಹೊರಟಿರುವ ನೀವು, ಹೋದ ಕೂಡಲೇ ಒಂದು ಹಳೆಯ ಕಾರನ್ನಾದರೂ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಹದಿನೇಳು ವರ್ಷ ಅಲ್ಲಿದ್ದು, ಸದ್ಯ ರಜೆಗೆಂದು ಜಯನಗರದ ತಾಯಿಯ ಮನೆಗೆ ಬಂದಿರುವ ನನ್ನ ಉತ್ತರವಿಷ್ಟೆ: ಕಾರು ಬೇಡ, ನೀರಿಳಿಯದ ಒಂದು ಜೊತೆ ಒಳ್ಳೆಯ ಬೂಟು ಕೊಳ್ಳಿ.

ರೈಲು ಯಾರನ್ನೂ ಮನೆಬಾಗಿಲಿಗೆ ತಂದು ಬಿಡುವುದಿಲ್ಲ. ನನ್ನ ಮನೆಯಿಂದ ನಿಲ್ದಾಣಕ್ಕೆ ಹನ್ನೊಂದು ನಿಮಿಷ, ಇಳಿದಲ್ಲಿಂದ ಕಚೇರಿಗೆ ಆರು ನಿಮಿಷ. ಹೋಗಿ ಬರುವಷ್ಟರಲ್ಲಿ ಅರ್ಧ ಗಂಟೆಗೂ ಮಿಗಿಲಾಗಿ ನಡೆದಿರುತ್ತೇನೆ, ಆದರೆ ಅದನ್ನು ವ್ಯಾಯಾಮವೆಂದು ಎಂದೂ ಎಣಿಸಿದ್ದಿಲ್ಲ. ಕಾರಿಲ್ಲದೆ ಕಾಲಿಡದ ಅಮೆರಿಕದಲ್ಲೂ, ಬಸ್ಸು ರೈಲುಗಳನ್ನು ಬಳಸುವವರು ನಿಲ್ದಾಣಕ್ಕೆ ಹೋಗಿಬರುವುದಕ್ಕೇ ದಿನಕ್ಕೆ ಸುಮಾರು 19 ನಿಮಿಷ ನಡೆಯುತ್ತಾರೆಂದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತ್ತು.

ಲಂಡನ್ನಿನ ಬೀದಿಗಳಲ್ಲಿ ಆಳೆತ್ತರಕ್ಕೆ ನಿಂತ ನಕ್ಷೆಯ ಫಲಕಗಳಿರುತ್ತವೆ. ನೀವು ನಿಂತಿರುವ ಜಾಗದಿಂದ ಐದು ನಿಮಿಷದಲ್ಲಿ ನಡೆದು ಎಲ್ಲಿಯವರೆಗೆ ತಲುಪಬಹುದೆಂಬುದನ್ನು ಅವುಗಳಲ್ಲಿ ಒಂದು ವೃತ್ತ ಬರೆದು ತೋರಿಸಿರುತ್ತಾರೆ. ನಾನು ಹೋದ ಹೊಸದರಲ್ಲಿ ಕೋವೆಂಟ್ ಗಾರ್ಡನ್‌ನಿಂದ ಲೆಸ್ಟರ್ ಸ್ಕ್ವೇರ್‌ಗೆ, ಅಂದರೆ ಬರೀ 260 ಮೀಟರು ದೂರಕ್ಕೆ, ಲಿಫ್ಟಿನಲ್ಲಿ ಪಾತಾಳಕ್ಕಿಳಿದು ರೈಲು ಹತ್ತಿದ್ದೆ. ಮೇಲೆ ಬರುವಷ್ಟರಲ್ಲಿ ನಡೆದು ಬಂದಿದ್ದ ಸಹೋದ್ಯೋಗಿ ಅಲ್ಲಿ ನಿಂತು ನಗುತ್ತಿದ್ದರು.

ಅಲ್ಲಿಯವರು ನಮಗಿಂತ ಚುರುಕಾದವರು ಎಂದೇನೂ ಭಾವಿಸಬೇಡಿ. 2025ರ ಆಗಸ್ಟಿನಲ್ಲಿ ನಮ್ಮ ಬೆಂಗಳೂರು ಮೆಟ್ರೊದ ಹಳದಿ ಮಾರ್ಗ ತೆರೆದ ಮೇಲೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ಅಣ್ಣನ ಮನೆಗೆ ಆಟೋದಲ್ಲೇ ಹೋಗುತ್ತಿದ್ದ ನನ್ನ ತಾಯಿ ಈಗ ಆರ್.ವಿ. ರಸ್ತೆಯ ಮೆಟ್ರೊ ನಿಲ್ದಾಣಕ್ಕೆ ನಡೆದೇ ಹೋಗುತ್ತಾರೆ. ನಿನ್ನೆ ಜೊತೆಯಲ್ಲಿ ಹೋಗಿ ನೋಡಿದೆ: ಮೇಲೆದ್ದ ಚಪ್ಪಡಿ, ಅದರಾಚೆ ಸಾಲಾಗಿ ನಿಲ್ಲಿಸಿದ ಸ್ಕೂಟರುಗಳು, ಅವನ್ನು ದಾಟಿದರೆ ಟ್ರಾನ್ಸ್‌ಫಾರ್ಮರ್, ಮೂರು ಸಲ ಫುಟ್‌ಪಾತಿನಿಂದ ರಸ್ತೆಗಿಳಿಯಬೇಕಾಯಿತು. ಮೂರನೆಯ ಸಲ ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಸ್ಸಿಗೆ ಕೈ ತೋರಿಸಿ ನಿಲ್ಲಿಸಿಯೇ ಮುಂದೆ ಹೋದರು. ಎಪ್ಪತ್ತೆರಡು ವರ್ಷದವರು ಇಷ್ಟಾದರೂ ನಡೆಯುತ್ತಿರುವುದು ಅತ್ತ ಕೊನೆಯಲ್ಲಿ ರೈಲು ಸಿಗುತ್ತದೆಂಬ ಭರವಸೆಯಿಂದ.

ಬಾಡಿಗೆಗೆ ಮನೆ ನೋಡುವಾಗ ನಿಲ್ದಾಣದಿಂದ ಎಷ್ಟು ನಿಮಿಷವೆಂದು ಜಾಹೀರಾತಿನಲ್ಲಿ ಬರೆದಿರುತ್ತಾರೆ. ಅದನ್ನು ನಂಬದೆ ನೀವೇ ಒಮ್ಮೆ ನಡೆದು ನೋಡಿ, ಸಾಧ್ಯವಾದರೆ ಕತ್ತಲಾದ ಮೇಲೆ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗಿರುತ್ತಾನೆ.