ಗೇಟಿನ ಚಿಲಕ

ನಾನು ಆಪ್ತಸಲಹೆಗಾರ್ತಿ. ನನ್ನ ಹತ್ತಿರ ನಗೆಬರಹ ಬರೆಯುವವರು ಬಂದಾಗೆಲ್ಲ ಹೆಚ್ಚುಕಡಿಮೆ ಒಂದೇ ದೂರು. "ತಮಾಷೆಯಾಗೇ ಶುರು ಮಾಡ್ತೀನಿ ಮೇಡಂ, ಮುಗಿಯೋ ಹೊತ್ತಿಗೆ ಯಾರೋ ಸತ್ತಿರ್ತಾರೆ." ಅಂಥವರಲ್ಲಿ ಒಬ್ಬರ ವಿಷಯವನ್ನು, ಅವರ ಒಪ್ಪಿಗೆ ಪಡೆದು, ಗುರುತು ಸಿಗದಷ್ಟು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಅವರನ್ನು ರಾಯರು ಅನ್ನೋಣ. ಐವತ್ತು ದಾಟಿದ ಸರ್ಕಾರಿ ನೌಕರ. ವಿಶೇಷಾಂಕಗಳಿಗೆ ಹಾಸ್ಯ ಕಥೆ ಬರೆಯುತ್ತಾರೆ. ಕಥೆಯಲ್ಲಿ ಶಾಮಣ್ಣ ಅಂತ ಒಬ್ಬ. ಫ್ಯಾನು, ನಲ್ಲಿ, ಮಿಕ್ಸಿ ಎಲ್ಲವನ್ನೂ ತಾನೇ ರಿಪೇರಿ ಮಾಡಲು ಹೋಗಿ ಕೆಡಿಸುವವನು. ಒಂದು ವರ್ಷದಿಂದ ಶಾಮಣ್ಣನಿಗೆ ಗ್ರಹಚಾರ ಕೆಟ್ಟಿತ್ತು. ಒಂದು ಕಥೆಯಲ್ಲಿ ಏಣಿಯಿಂದ ಬಿದ್ದು ಹಾಸಿಗೆ ಹಿಡಿದ. ಇನ್ನೊಂದರಲ್ಲಿ ತವರಿಗೆ ಹೋದ ಹೆಂಡತಿ ವಾಪಸ್ ಬರಲೇ ಇಲ್ಲ. "ದೀಪಾವಳಿಗೆ ಇದನ್ನ ಹಾಕಕ್ಕಾಗಲ್ಲ ಸಾರ್" ಅಂದರಂತೆ ಸಂಪಾದಕರು.

ನಿದ್ದೆ, ಊಟ, ಕೆಲಸದ ಬಗ್ಗೆ ವಿಚಾರಿಸಿದೆ. ಸಾಯುವ ಯೋಚನೆ ಬರುತ್ತದಾ ಅಂತ ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ್ದನ್ನು ತಲೆಗೆ ತುಂಬಿದಂತೆ ಅಂತ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ರಾಯರಿಗೆ ಅಂಥ ಯೋಚನೆ ಇರಲಿಲ್ಲ, ನಿದ್ದೆ ಮಾತ್ರ ಕಡಿಮೆ. ತಂದೆ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. "ವಯಸ್ಸಾಗಿತ್ತು ಮೇಡಂ, ದುಃಖ ಏನಿಲ್ಲ" ಅಂದರು.

ಮೂರನೇ ಭೇಟಿಗೆ, ಕೆಟ್ಟುಹೋದ ಕಥೆಗಳನ್ನೇ ತನ್ನಿ ಅಂದಿದ್ದೆ. ಐದು ತಂದರು. ಗಟ್ಟಿಯಾಗಿ ಓದಿಸಿದೆ. ಮಿಕ್ಸಿ ಮುಚ್ಚಳ ಹಾರಿ, ಗೋಡೆಯ ಮೇಲಿದ್ದ ಮಾವನವರ ಫೋಟೋಗೆ ಚಟ್ನಿ ಮೀಸೆ ಬಂದಾಗ ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಮೂರನೇ ಕಥೆ ಅರ್ಧಕ್ಕೆ ಬಂದಾಗ ಏನೋ ಹೊಳೆಯಿತು. ಹಾಳೆ ಈಸಿಕೊಂಡು ತಿರುವಿದೆ. ಐದರಲ್ಲೂ ಒಂದು ಕಡೆ ಗೇಟಿನ ಚಿಲಕ ಸದ್ದು ಮಾಡುತ್ತದೆ. ನಗು ಇಂಗುವುದು ಅಲ್ಲಿಂದಲೇ.

"ರಾಯರೇ, ಈ ಚಿಲಕ ಯಾಕೆ ಎಲ್ಲಾ ಕಡೆ ಬರುತ್ತೆ?"

"ಬರುತ್ತಾ?" ಅಂದರು. ಐದನ್ನೂ ಪಕ್ಕಪಕ್ಕ ಇಟ್ಟು, ಬೆರಳಿಟ್ಟು ಹುಡುಕಿದರು. ಆಮೇಲೆ ಬಹಳ ಹೊತ್ತು ಕನ್ನಡಕ ಒರೆಸಿದರು.

"ನಮ್ಮಪ್ಪ ರಾತ್ರಿ ಬರೋವಾಗ ಚಿಲಕ ಒಂದೇ ಸಲ ಟಕ್ ಅಂದ್ರೆ ಕುಡಿದಿಲ್ಲ ಅಂತ. ಮೂರು ನಾಲ್ಕು ಸಲ ತಡಕಾಡಿದ್ರೆ ನಾನು ಜೋಕ್ ರೆಡಿ ಮಾಡ್ಕೋಬೇಕಿತ್ತು. ಒಳಗೆ ಬರೋ ಮುಂಚೆ ನಗಿಸಿಬಿಟ್ರೆ ಅಮ್ಮನಿಗೆ ಏಟು ಬೀಳ್ತಿರ್ಲಿಲ್ಲ. ಹತ್ತರಲ್ಲಿ ಆರು ಸಲ ಗೆಲ್ತಿದ್ದೆ."

ಈ "ಹತ್ತರಲ್ಲಿ ಆರು" ನನ್ನನ್ನು ಎಷ್ಟೋ ದಿನ ಕಾಡಿತು. ಎಂಟೊಂಬತ್ತು ವರ್ಷದ ಹುಡುಗ ಲೆಕ್ಕ ಇಟ್ಟಿದ್ದಾನೆ. ಉಳಿದ ನಾಲ್ಕು ಸಲ ಸೋತದ್ದು ನೀವಲ್ಲ ಅಂದೆ. ಒಪ್ಪಿದ ಹಾಗೆ ಕಾಣಲಿಲ್ಲ.

ನನಗೆ ಅರ್ಥವಾದದ್ದು ಇಷ್ಟು. ಅಪ್ಪ ಇರುವ ತನಕ ಅವರ ನಗು ಬಾಗಿಲು ಕಾಯುತ್ತಿತ್ತು. ಅಪ್ಪ ಹೋದರು, ಕಾವಲು ಸಡಿಲವಾಯಿತು, ಹೊರಗೆ ನಿಂತಿದ್ದದ್ದು ಒಳಗೆ ಬಂತು. ಕಷ್ಟದ ನಡುವೆ ಇದ್ದಾಗ ಅಲ್ಲ, ಕಷ್ಟ ಕಳೆದ ಮೇಲೆ ಬರಹ ಹೀಗಾಗುವುದನ್ನು ಬೇರೆಯವರಲ್ಲೂ ಕಂಡಿದ್ದೇನೆ.

ನಗೆಯೊಳಗೆ ಸಾವು ಬಂದರೆ ಅದು ಕಾಯಿಲೆ ಅಲ್ಲ ಅಂತ ಮೊದಲು ಹೇಳಿದೆ. ಹಾಸ್ಯದ ಬಗ್ಗೆ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ 1927ರಲ್ಲಿ ಬರೆದ ಲೇಖನದಲ್ಲಿ ಒಬ್ಬ ಕೈದಿ ಇದ್ದಾನೆ. ಸೋಮವಾರ ಗಲ್ಲಿಗೆ ಹೋಗುತ್ತಾ, ವಾರ ಚೆನ್ನಾಗಿ ಶುರುವಾಯ್ತು ಅನ್ನುತ್ತಾನೆ. "ನಮ್ಮ ಆಫೀಸಿಗೂ ಹೊಂದುತ್ತೆ" ಅಂದರು ರಾಯರು.

ಆಮೇಲೆ ಸಲಹೆ. ಬರೆಯುವುದನ್ನು ನಿಲ್ಲಿಸಬೇಡಿ, ಬಲವಂತಕ್ಕೆ ನಗಿಸಲೂ ಬೇಡಿ. ಬೇರೆ ನೋಟ್‌ಬುಕ್ ತಗೊಂಡು ಆ ಸೋತ ರಾತ್ರಿಗಳನ್ನು ದಿನಕ್ಕೆ 15 ನಿಮಿಷ, ನಾಲ್ಕು ದಿನ ಬರೆಯಿರಿ. ಯಾರಿಗೂ ತೋರಿಸಬೇಕಿಲ್ಲ. ಈ ಲೆಕ್ಕ ನನ್ನದಲ್ಲ, ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದ್ದು. ಆ ಪ್ರಯೋಗದಲ್ಲಿ ಬರೆದ ತಕ್ಷಣ ಜನರ ಮನಸ್ಸು ಇನ್ನಷ್ಟು ಕುಗ್ಗಿತ್ತು. ಹಾಗಾಗಿ, ತೀರಾ ಭಾರ ಅನ್ನಿಸಿದರೆ ಅಲ್ಲಿಗೇ ಬಿಟ್ಟು ಫೋನ್ ಮಾಡಿ, ನಾನು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ ಅಂದೆ. ಇನ್ನೊಂದು ಮಾತು: ಕಥೆಯಲ್ಲಿ ಚಿಲಕ ಬಂದರೆ ಹೊಡೆದುಹಾಕಬೇಡಿ. ಅದು ಯಾಕೆ ತಡಕಾಡುತ್ತಿದೆ ಅನ್ನುವುದಕ್ಕೆ ಬೇರೆ ಕಾರಣ ಹುಡುಕಿ.

"ಇದು ಆಪ್ತಸಲಹೆಯಾ, ಕಥಾ ಕಮ್ಮಟವಾ?" ಅಂತ ಸಹೋದ್ಯೋಗಿಯೊಬ್ಬರು ಕೊಂಕು ತೆಗೆದರು. ತೆಗೆಯಲಿ. 1942ರಲ್ಲಿ 'ಕೊರವಂಜಿ' ಎಂಬ ನಗೆಪತ್ರಿಕೆ ಶುರು ಮಾಡಿದ ರಾಶಿ (ಡಾ. ಎಂ. ಶಿವರಾಂ) ವೃತ್ತಿಯಲ್ಲಿ ವೈದ್ಯರು. ಮನಸ್ಸಿನ ಬಗ್ಗೆ ಅವರು ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರಿಗಿಲ್ಲದ ಮಡಿ ನನಗ್ಯಾಕೆ?

ಓದುಗರಿಗೆ ಒಂದು ಮಾತು. ನಿಮ್ಮ ಮನೆಯಲ್ಲಿ ಸದಾ ಎಲ್ಲರನ್ನೂ ನಗಿಸುವ ಮಗು ಇದ್ದರೆ ಸುಮ್ನೆ ಚಪ್ಪಾಳೆ ತಟ್ಟಿ ಸುಮ್ಮನಾಗಬೇಡಿ. ಯಾವ ಹೊತ್ತಿನಲ್ಲಿ ನಗಿಸುತ್ತದೆ, ಯಾರು ಒಳಗೆ ಬಂದಾಗ ನಗಿಸುತ್ತದೆ ಅನ್ನುವುದನ್ನು ಸ್ವಲ್ಪ ನೋಡಿ.

ರಾಯರು ಎರಡು ತಿಂಗಳ ಮೇಲೆ ಬಂದರು. ನಾಲ್ಕನೇ ದಿನ ಎರಡೇ ಸಾಲು ಬರೆದೆ ಅಂದರು. ಏನೆಂದು ನಾನು ಕೇಳಲಿಲ್ಲ. ಜೊತೆಗೆ ಹೊಸ ಕಥೆ ತಂದಿದ್ದರು. ಆಯುಧಪೂಜೆಯ ಹಿಂದಿನ ದಿನ ಶಾಮಣ್ಣ ಕಂಕುಳಿಗೊಂದು ಬೂದುಗುಂಬಳ ಅವುಚಿಕೊಂಡು ಬರುತ್ತಾನೆ. ಕೈ ಖಾಲಿ ಇಲ್ಲ. ಮೊಣಕೈಯಲ್ಲಿ ಚಿಲಕ ತೆಗೆಯಲು ಒದ್ದಾಡುತ್ತಾನೆ. ಮೂರು ಸಲ, ನಾಲ್ಕು ಸಲ. ಒಳಗಿನಿಂದ ಹೆಂಡತಿ ಕೂಗುತ್ತಾಳೆ: "ತೆಗೆದೇ ಇದೆ ರೀ, ತಳ್ಳಿ!"