ಕಾರಿನ ಹಿಂದಿನ ಬ್ರೇಕ್ ಡಿಸ್ಕ್ ಜಪ್ಪಯ್ಯ ಅಂದ್ರೂ ಬರ್ತಿಲ್ವಾ?

ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್ ಬಿಚ್ಚಿ ಎಷ್ಟು ಬಡಿದರೂ ಹಿಂದಿನ ಡಿಸ್ಕ್ ಬರುತ್ತಿಲ್ಲ ಅಂದಿದ್ದೀರಿ. ಹ್ಯಾಂಡ್‌ಬ್ರೇಕ್ ಇಳಿಸಿದ್ದೀರಿ ತಾನೇ? ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಸುತ್ತಿಗೆ ಬೀಸಬೇಡಿ.

ಡಿಸ್ಕ್ ಸ್ವಲ್ಪ ಅಲುಗಿ ಮತ್ತೆ ಸಿಕ್ಕಿಕೊಂಡರೆ ಅದು ಡಿಸ್ಕನ್ನು ಒಳಗಿನಿಂದ ಒತ್ತಿ ಹಿಡಿಯುವ ಹ್ಯಾಂಡ್‌ಬ್ರೇಕ್ ಶೂಗಳ ಕಿತಾಪತಿ. ಡಿಸ್ಕ್ ಅಥವಾ ಅದರ ಹಿಂದಿನ ತಗಡಿನಲ್ಲಿರುವ ರಬ್ಬರ್ ಮುಚ್ಚಳ ತೆಗೆದು, ಆ ತೂತಿನಿಂದ ಸ್ಕ್ರೂಡ್ರೈವರ್ ಹಾಕಿ ಶೂಗಳ ಅಂತರ ಹೊಂದಿಸುವ ಅಡ್ಜಸ್ಟರ್ ಸಡಿಲಿಸಿ. ಒಂಚೂರೂ ಅಲುಗದಿದ್ದರೆ ಡಿಸ್ಕ್ ಕೂರುವ ನಡುವಿನ ಭಾಗವಾದ ಹಬ್‌ ಹತ್ತಿರ ತುಕ್ಕು ಹಿಡಿದಿರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಡಿ. ಎಷ್ಟೋ ಡಿಸ್ಕ್‌ಗಳಲ್ಲಿ ಥ್ರೆಡ್ ಇರುವ 2 ತೂತು ಇರುತ್ತವೆ, ಸಾಮಾನ್ಯವಾಗಿ ಎಂ8 (8 ಮಿ.ಮೀ. ದಪ್ಪದ) ಬೋಲ್ಟ್ ಕೂರುತ್ತದೆ. ಎರಡನ್ನೂ ಸಮವಾಗಿ, ಸ್ವಲ್ಪಸ್ವಲ್ಪವೇ ಬಿಗಿಸಿ. ಡಿಸ್ಕ್ ತಾನಾಗಿ ಹೊರಗೆ ಬರುತ್ತದೆ, ಸುಮ್ನೆ ಬಡಿಯೋದು ತಪ್ಪುತ್ತದೆ. ಆದರೆ ಶೂಗಳಿಗೆ ಎಣ್ಣೆ ತಗುಲಿದ್ದರೆ ಅವನ್ನು ಬದಲಿಸದೆ ಮತ್ತೆ ಜೋಡಿಸಬೇಡಿ.