ಅಡಿಕೆ ತೋಟದ ಹಳೇ ಗಾರ್ಡನ್ ಟ್ರ್ಯಾಕ್ಟರಿಗೆ ಹಿಂದೆ ನೇಗಿಲು ಎತ್ತುವ ಲಿಫ್ಟ್ ಕೂರಿಸುವುದು ಹೇಗೆ?

ಹೈಡ್ರಾಲಿಕ್ ಪಂಪ್ ಇಲ್ಲದ ಗಾಡಿಗೆ 12 ವೋಲ್ಟ್ ಆಕ್ಚುಯೇಟರ್ (ರಾಡನ್ನು ಹೊರಗೆ-ಒಳಗೆ ಸರಿಸುವ ಮೋಟರ್) ಲಿಫ್ಟೇ ಸುಲಭ. ಮೊದಲು ಬ್ಯಾಟರಿ ನೋಡಿ. ತೀರಾ ಹಳೆಯವುಗಳಲ್ಲಿ 6 ವೋಲ್ಟ್ ಇರುವುದುಂಟು.

ಬ್ರಾಕೆಟ್ಟನ್ನು ಗೇರ್‌ಬಾಕ್ಸಿನ ಬೀಡು ಕಬ್ಬಿಣಕ್ಕೆ ವೆಲ್ಡ್ ಮಾಡಲೇಬೇಡಿ. ಬೀಡು ತಣಿಯುವಾಗ ಸೀಳುತ್ತದೆ, ಆಯಿಲ್ ಸೀಲೂ ಸುಟ್ಟುಹೋಗುತ್ತದೆ. 10 ಮಿ.ಮೀ. ಪ್ಲೇಟ್, ಯು-ಬೋಲ್ಟ್ ಹಾಕಿ ಹಿಂದಿನ ಆಕ್ಸಲ್ ಹೌಸಿಂಗಿಗೆ ಬಿಗಿಯಿರಿ. ಹಿಚ್ಚಿಗೆ, ಅಂದರೆ ಉಪಕರಣ ಸಿಕ್ಕಿಸುವ ಜೋಡಣೆಗೆ, ಅಳತೆಯ ವರ್ಗಗಳಿವೆ: ಕ್ಯಾಟಗರಿ 0 ಹಿಚ್ಚಿನ ಪಿನ್ 16 ಮಿ.ಮೀ.; ಕ್ಯಾಟಗರಿ 1ರ ಕೆಳಗಿನ ಪಿನ್ 22 ಮಿ.ಮೀ. ಆದ್ದರಿಂದ ಉಪಕರಣದ ಪಿನ್ ಅಳೆದ ಮೇಲೆಯೇ ಲಿಂಕ್ (ಉಪಕರಣ ಹಿಡಿಯುವ ತೋಳು) ಮಾಡಿಸಿ.

ಹೆಚ್ಚಿನವರು ಎಡವುವುದು ಆಕ್ಚುಯೇಟರಿನ ಲೆಕ್ಕದಲ್ಲಿ. 80 ಕಿಲೋದ ನೇಗಿಲಿಗೆ 100 ಕಿಲೋದ್ದು ಸಾಕೆನ್ನುತ್ತಾರೆ. ಲಿಫ್ಟ್ ರಾಡ್ (ಕೆಳಲಿಂಕನ್ನು ಮೇಲೆತ್ತುವ ಸರಳು) ಕೆಳಲಿಂಕಿನ ನಟ್ಟನಡುವೆ ಹಿಡಿದರೆ ಎಳೆತ ಇಮ್ಮಡಿ, ಅಂದರೆ 160 ಕಿಲೋ. ಮುರಕಲ್ಲಿನ ಗುಂಡಿಗಳಲ್ಲಿ ಕುಲುಕಾಟ ಬೇರೆ. 300 ಕಿಲೋದ್ದನ್ನೇ ತನ್ನಿ. ಲಿಫ್ಟ್ ರಾಡಿನ ತುದಿಗೆ ಉದ್ದ ತೂತು ಕೊರೆಸಿ, ಇಲ್ಲದಿದ್ದರೆ ನೇಗಿಲು ನೆಲದ ಏರಿಳಿತಕ್ಕೆ ಆಡುವುದಿಲ್ಲ. ಅಡ್ಡ ಎಳೆತ ತಡೆಯಲು ಕೆಳಲಿಂಕುಗಳಿಗೆ ಎರಡೂ ಬದಿ ಚೈನ್ ಬೇಕು. ಅದಿಲ್ಲದಿದ್ದರೆ ಆಕ್ಚುಯೇಟರಿನ ರಾಡ್ ಬಾಗುತ್ತದೆ.

ನೇಗಿಲು ಎತ್ತಿದಾಗ ಮುಂದಿನ ಚಕ್ರ ಹಗುರಾದರೆ ಮುಂದೆ ಭಾರ ಕಟ್ಟಲೇಬೇಕು. ಕರಾವಳಿಯ ಮಳೆ, ಉಪ್ಪುಗಾಳಿಗೆ ರಿಲೇ (ಆಕ್ಚುಯೇಟರಿಗೆ ಕರೆಂಟ್ ಕೊಡುವ ಸ್ವಿಚ್) ಬೇಗ ಕೆಡುತ್ತದೆ. ಅದನ್ನು ಸೀಟಿನ ಕೆಳಗೆ ಮುಚ್ಚಿದ ಡಬ್ಬಿಯಲ್ಲಿಡಿ, ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ.